ಅಂಚೆಯಕ್ಕನ ಪಾದ ಪರದೆಗೆ ಬಂದದ್ದು

ಮನೆಯಿಂದ, ಕಿಟಕಿ ಪಕ್ಕದ ಮೇಜು
ನವೆಂಬರ್ ೯, ಭಾನುವಾರ

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಅಮ್ಮ ಕೆಳಗಿನ ಕೆಲಸದ ಕೋಣೆಯಿಂದ ಕಾಫಿಗೆಂದು ಮೇಲೆ ಬಂದಾಗ ಅವಳ ಏಪ್ರನ್ನಿನ ಜೇಬಿನಲ್ಲಿ, ಚರ್ಮ ಚುಚ್ಚುವ ದಬ್ಬಳದ ಪಕ್ಕದಲ್ಲಿ, ಕಂಪ್ಯೂಟರಿನ ಮೌಸ್ ತಲೆ ಹೊರಗೆ ಹಾಕಿಕೊಂಡು ಕೂತಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ. ಇಕ್ಕಳ, ಮೇಣದ ಉಂಡೆ, ಸುತ್ತಿಗೆಗಳನ್ನು ಜೇಬಿಗೆ ಇಳಿಬಿಡುವ ಅಭ್ಯಾಸದಲ್ಲೇ ಅದನ್ನೂ ಇಳಿಬಿಟ್ಟಿದ್ದಳು. ಅವಳು ಕಾಫಿ ಮುಗಿಸಿ ಮೆಟ್ಟಿಲಿಳಿಯುವವರೆಗೂ ಸುಮ್ಮನೆ ನೋಡುತ್ತಾ ಕೂತೆ. ನೀವೂ ಇದನ್ನು ನೋಡಬೇಕಿತ್ತು ಅನ್ನಿಸಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ನಿಮ್ಮ ಸಮಾಚಾರ ತಿಳಿಸಿ. ಎಡಭುಜದ ನೋವು ಹೇಗಿದೆ? ಹಡಗಿನ ಏಣಿ ಹತ್ತುವಾಗ ಬಲಗೈ ಮೇಲೆ ಭಾರ ಹಾಕುತ್ತಿದ್ದೀರಾ, ಇಲ್ಲಾ ಡಾಕ್ಟರ ಮಾತನ್ನು ಈ ಸಲವೂ ಬಂದರಿನಲ್ಲೇ ಬಿಟ್ಟು ಹೋದಿರಾ? ಇಂಜಿನ್ ಕೋಣೆಯಿಂದ ಮೇಲೆ ಬಂದ ಮೇಲೂ ಕಿವಿಯೊಳಗೆ ಗುಂಯ್ ಅನ್ನುತ್ತದೆ ಅಂದಿದ್ದಿರಿ. ಹತ್ತಿ ತುರುಕಿಕೊಳ್ಳುವುದು ಬಿಟ್ಟು ಕಂಪನಿಯವರು ಕೊಟ್ಟ ಮುಚ್ಚಳಗಳನ್ನೇ ಹಾಕಿಕೊಳ್ಳಬೇಕಂತೆ, ಅಜ್ಜಿಯ ಅಪ್ಪಣೆ. ಅಜ್ಜಿ ಚೆನ್ನಾಗಿದ್ದಾಳೆ. ಕಣ್ಣಿನ ಔಷಧ ಹಾಕಿಸಿಕೊಳ್ಳುವಾಗ ಮಾತ್ರ ಚಿಕ್ಕ ಮಗುವಿನ ಹಾಗೆ ಮುಖ ತಿರುಗಿಸುತ್ತಾಳೆ, ಹಾಕಿ ಮುಗಿದ ಮೇಲೆ ನಾನೇ ಕೈ ನಡುಗಿಸಿದೆ ಎಂದು ದೂರುತ್ತಾಳೆ. ನನಗೆ ನೆಗಡಿ ಬಂದು ಹೋಯಿತು. ಫೋನಿನಲ್ಲಿ ನಾನು ‘ಹೂಂ’ ಬಿಟ್ಟು ಬೇರೇನೂ ಹೇಳುವುದಿಲ್ಲ ಎನ್ನುವುದು ನಿಮ್ಮ ಯಾವತ್ತಿನ ದೂರು. ಈಗಂತೂ ಹಡಗು ನಡುನೀರಿನಲ್ಲಿದೆ, ಫೋನು ಸಿಗುವುದೂ ಇಲ್ಲ. ಹಾಗಾಗಿ ನನ್ನ ಹೂಂಗಳನ್ನೆಲ್ಲ ಬಿಡಿಸಿ ಬರೆಯುತ್ತೇನೆ, ಸಾವಕಾಶವಾಗಿ ಓದಿ.

ನೀವು ಹೊರಟ ಮೇಲೆ ಅಮ್ಮನ ಕೆಲಸದ ರೀತಿಯೇ ಬದಲಾಯಿತು. ಮೊದಲೆಲ್ಲ ಮೂಳೆ ಕ್ಲಿನಿಕ್ಕಿನವರು ಜನರನ್ನೇ ಕಳಿಸುತ್ತಿದ್ದರಲ್ಲ, ಸೊಟ್ಟಗಾದ ಪಾದ, ಗಿಡ್ಡಗಾದ ಕಾಲು ಇರುವವರನ್ನು. ಅಮ್ಮ ಅವರ ಪಾದಕ್ಕೆ ಪ್ಲಾಸ್ಟರ್ ಹಾಕಿ, ಅಳತೆ ತೆಗೆದು, ಅದೇ ಆಕಾರದ ಮರದ ಅಚ್ಚು ಕೆತ್ತಿ, ಅಚ್ಚಿನ ಮೇಲೆ ಬೂಟು ಕಟ್ಟುತ್ತಿದ್ದಳು. ಈಗ ಕ್ಲಿನಿಕ್ಕಿಗೆ ಒಂದು ಯಂತ್ರ ಬಂದಿದೆ. ಅದರೊಳಗೆ ಪಾದ ಇಟ್ಟರೆ ಸುತ್ತಲಿಂದಲೂ ಚಿತ್ರ ತೆಗೆದು ಕಂಪ್ಯೂಟರಿಗೆ ಕಳಿಸುತ್ತದೆ. ಇನ್ನು ಮುಂದೆ ಅಚ್ಚನ್ನು ಪರದೆಯ ಮೇಲೇ ಬಿಡಿಸಿ ಕಳಿಸಬೇಕು, ಮರ ಕೊರೆಯುವುದು ಯಂತ್ರ, ಬೂಟು ಹೊಲಿಯುವುದು ಮಾತ್ರ ಅಮ್ಮ ಎಂದು ಅವರು ಹೇಳಿದರು. ಮೊದಲನೆಯ ಅಚ್ಚು ಗುರುವಾರ ಸಂಜೆ ಕ್ಲಿನಿಕ್ ಮುಚ್ಚುವುದರೊಳಗೆ ತಲುಪಬೇಕು, ಇಲ್ಲದಿದ್ದರೆ ಇಡೀ ಕೆಲಸವನ್ನು ಬೂಟಿನ ಕಾರ್ಖಾನೆಗೆ ಕೊಡುತ್ತೇವೆ ಎಂದೂ ಹೇಳಿದರು. ಒರಟಾಗಿ ಹೇಳಲಿಲ್ಲ ಅಪ್ಪಾ. ಕ್ಲಿನಿಕ್ಕಿನ ಫಿಸಿಯೋ ಮೇಡಂ ಎರಡೆರಡು ಸಲ ‘ಬೇಜಾರು ಮಾಡ್ಕೋಬೇಡಿ’ ಅಂದರು. ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅವರು ನಡೆಸಿದ ತರಗತಿಗೆ ಹೋಗಿ, ಮೀಸೆ ಚಿಗುರುತ್ತಿರುವವರ ನಡುವೆ ಮುಂದಿನ ಬೆಂಚಿನಲ್ಲಿ ಕೂತು ಕಲಿತುಬಂದಳು. ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಮೌಸ್ ಓಡಿಸಿ ಅಭ್ಯಾಸ ಮಾಡುತ್ತಿದ್ದಳು. ‘ಇಲಿ ಹಿಡಿಯೋಕೆ ಹೊರಟಿದ್ದೀಯಾ?’ ಎಂದು ಅಜ್ಜಿ ಕೇಳಿದರೆ, ‘ಹಿಡಿದೇ ಬಿಡ್ತೀನಿ ನೋಡಿ ಅತ್ತೆ’ ಎನ್ನುವಳು.

ಕೈ ಪಳಗಿತು, ಆದರೆ ನಮ್ಮ ಕಂಪ್ಯೂಟರು ಪಳಗಲಿಲ್ಲ. ಪಾದದ ಚಿತ್ರ ತೆರೆಯುತ್ತಿತ್ತು. ಅದನ್ನು ಒಂದಿಷ್ಟು ತಿರುಗಿಸಲು ಹೋದರೆ ಪರದೆ ನಿಂತಲ್ಲೇ ನಿಂತು, ಕೊನೆಗೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಚಿತ್ರಗಳನ್ನು ಪರದೆಗೆ ಕಳಿಸುವುದಕ್ಕೆಂದೇ ಪೆಟ್ಟಿಗೆಯೊಳಗೆ ಒಂದು ಹಲಗೆ ಇರುತ್ತದಲ್ಲ, ಗ್ರಾಫಿಕ್ಸ್ ಕಾರ್ಡು, ನಮ್ಮದು ಬಹಳ ಹಳೆಯದು. ಈ ಸುದ್ದಿ ಮಾವನ ಕಿವಿಗೆ ಬಿತ್ತು. ಅಮ್ಮನ ಈ ತಮ್ಮ ನಿಮಗೆ ಗೊತ್ತಿರುವವನೇ. ವೀಡಿಯೊ ಸಂಕಲನ ಅವನ ಕಸುಬು, ಉಳಿದದ್ದೆಲ್ಲ ಅವನ ಹವ್ಯಾಸ. ತಾನು ಹೊಸದು ಕೊಂಡಿದ್ದೇನೆ, ಹಳೆಯ ಕಾರ್ಡು ಸುಮ್ಮನೆ ಬಿದ್ದಿದೆ, ತಂದು ಕೂರಿಸಿಕೊಡುತ್ತೇನೆ ಎಂದ. ‘ಅಕ್ಕಾ, ಬರೀ ಹತ್ತು ನಿಮಿಷದ ಕೆಲಸ. ನೀನು ಕಾಫಿ ಇಡು, ಕುದಿಯೋದ್ರೊಳಗೆ ಮುಗಿಸ್ತೀನಿ.’

ಬುಧವಾರ ಮಧ್ಯಾಹ್ನ ಬಂದ. ಅದೇ ಹೊತ್ತಿಗೆ ಅಂಚೆಯಕ್ಕನೂ ಬಂದು ಕೂತಿದ್ದರು. ಅವರಿಗೆ ಏನಾಯಿತೆಂದು ನಿಮಗೆ ಗೊತ್ತಿಲ್ಲ. ನಮ್ಮ ಬೀದಿಗೆಲ್ಲ ಟಪಾಲು ಹಂಚುವ ಅಂಚೆಯಕ್ಕನ ಎಡಪಾದದ ಮೇಲೆ ಒಂದು ಕಬ್ಬಿಣದ ಗೇಟು ಕಳಚಿ ಬಿತ್ತು. ಮೂಳೆ ಕೂಡಿತು, ಆದರೆ ಪಾದ ಸ್ವಲ್ಪ ಓರೆಯಾಗಿಯೇ ಕೂಡಿತು. ಸರಿಯಾದ ಬೂಟು ಸಿಕ್ಕರೆ ಮತ್ತೆ ಬೀದಿ ಸುತ್ತಬಹುದು, ಇಲ್ಲದಿದ್ದರೆ ಕಚೇರಿಯ ಒಳಗೆ ಕೂತು ಕಾಗದ ವಿಂಗಡಿಸಬೇಕು. ‘ಕೂರಿಸಿಬಿಟ್ರೆ ಒಂದೇ ವಾರದಲ್ಲಿ ನಾನೂ ಒಂದು ಲಕೋಟೆ ಆಗೋಗ್ತೀನಿ ಕಣ್ರೀ, ಯಾರಾದ್ರೂ ಸ್ಟ್ಯಾಂಪ್ ಹಚ್ಚಿ ಕಳಿಸಬೇಕು’ ಎನ್ನುತ್ತಾರೆ. ಅಮ್ಮ ಬಿಡಿಸಬೇಕಿದ್ದ ಮೊದಲ ಅಚ್ಚು ಅವರದೇ. ತಮ್ಮ ಪಾದ ಟಿವಿಯಲ್ಲಿ ಹೇಗೆ ಕಾಣುತ್ತದೋ ನೋಡಲು ಬಂದಿದ್ದರು. ಪರದೆಗೆ ಅವರಿಟ್ಟ ಹೆಸರು ಅದೇ, ಟಿವಿ.

ಮಾವ ನಮ್ಮ ಹಳೆಯ ಕಾರ್ಡು ಕಿತ್ತ. ಅವನು ತಂದದ್ದು, ನಮ್ಮ ಪಾಲಿಗೆ ಹೊಸದು, ಎರಡು ಫ್ಯಾನುಗಳಿದ್ದ ದೊಡ್ಡ ಇಟ್ಟಿಗೆಯಂಥದ್ದು, ಅದನ್ನು ಕೂರಿಸಿದ. ಹಳೆಯದಕ್ಕೆ ನೀಲಿ ತಲೆಯ ಅಗಲ ಕೇಬಲ್ ಇತ್ತಲ್ಲ, ಅದನ್ನು ಸಿಕ್ಕಿಸುವ ಜಾಗ ಹೊಸದರಲ್ಲಿ ಇರಲಿಲ್ಲ. ಅದಕ್ಕೆ ತೆಳು ಮೂತಿಯ ಬೇರೆ ಕೇಬಲ್ ತಂದಿದ್ದ. ಅದರ ಒಂದು ತುದಿ ಕಾರ್ಡಿಗೆ, ಇನ್ನೊಂದು ತುದಿ ಪರದೆಯ ಬೆನ್ನಿನಲ್ಲಿ ಅದುವರೆಗೆ ಯಾರೂ ಬಳಸದಿದ್ದ ಒಂದು ಸಣ್ಣ ಕಿಂಡಿಗೆ. ‘ಎಲ್ಲರೂ ನೋಡ್ತಾ ಇರಿ’ ಎಂದು ಸ್ವಿಚ್ ಒತ್ತಿದ. ಫ್ಯಾನುಗಳು ತಿರುಗಿದವು. ಪರದೆಯ ಮೂಲೆಯಲ್ಲಿ ‘ಸಿಗ್ನಲ್ ಇಲ್ಲ’ ಎನ್ನುವ ಒಂದು ಪುಟ್ಟ ಚೌಕ ಕಣ್ಣು ಮಿಟುಕಿಸಿದಂತೆ ಬಂದು ಹೋಯಿತು. ಆಮೇಲೆ ಕಪ್ಪು. ಅಂಚೆಯಕ್ಕ ಬಹಳ ಗಮನವಿಟ್ಟು ನೋಡಿ, ‘ಇದು ಕಾಲ್ಚೀಲದ ಒಳಗಿನ ನೋಟನಾ?’ ಎಂದರು.

ಮಾವ ಆರಿಸಿ ಹಚ್ಚಿದ, ಹಚ್ಚಿ ಆರಿಸಿದ. ಕಾರ್ಡಿಗೆ ಪ್ರತ್ಯೇಕವಾಗಿ ವಿದ್ಯುತ್ ಕೊಡುವ ತಂತಿಯನ್ನು ಕಿತ್ತು ಮತ್ತೆ ಚುಚ್ಚಿದ. ಕಾರ್ಡನ್ನು ಎರಡು ಸಲ ತೆಗೆದು ಕೂರಿಸಿದ. ಪರದೆಯ ಕೆಳಗಿನ ಅಂಚನ್ನು ತಡಕಲು ಹೋದವನು ಬಿಸಿ ತಾಗಿದವನಂತೆ ಬೆರಳು ಹಿಂದಕ್ಕೆಳೆದುಕೊಂಡ. ಅಲ್ಲಿ ಉದ್ದಕ್ಕೂ ನಿಮ್ಮ ಕಪ್ಪು ಟೇಪು ಇತ್ತು, ಅದರ ಮೇಲೆ ನಿಮ್ಮ ನೆಟ್ಟಗಿನ ಅಕ್ಷರದಲ್ಲಿ ‘ಮುಟ್ಟಬೇಡಿ’ ಎಂದಿತ್ತು. ‘ಭಾವನ ಟೇಪು. ಅದರ ಸಹವಾಸ ನಮಗ್ಯಾಕೆ’ ಎಂದು ತನಗೆ ತಾನೇ ಹೇಳಿಕೊಂಡು ಬೇರೆ ಕಡೆ ಹೋದ. ಕೊನೆಗೆ ಹಳೆಯ ಕಾರ್ಡನ್ನೇ ಮತ್ತೆ ಹಾಕಿ, ನೀಲಿ ಕೇಬಲ್ ಸಿಕ್ಕಿಸಿ ಹಚ್ಚಿದ. ಪರದೆ ತಕ್ಷಣ ಬೆಳಗಿತು. ಅಲ್ಲಿಗೆ ತೀರ್ಪು ಹೊರಬಿತ್ತು. ‘ನೋಡಕ್ಕಾ, ಹಳೇದು ಹಾಕಿದ್ರೆ ಬರುತ್ತೆ, ಹೊಸದು ಹಾಕಿದ್ರೆ ಬರಲ್ಲ. ಅಂದ್ರೆ ನನ್ನ ಕಾರ್ಡೇ ಸತ್ತಿದೆ. ನಿನ್ನೆ ತನಕ ಚೆನ್ನಾಗಿತ್ತು, ದಾರೀಲಿ ಚೀಲದಲ್ಲಿ ಏನೋ ಪೆಟ್ಟಾಗಿರಬೇಕು.’ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು. ಅವನಿಗೂ ನಿಜವಾಗಿ ಬೇಸರವಾಗಿತ್ತು ಅಪ್ಪಾ, ಅಕ್ಕನೆಂದರೆ ಅವನಿಗೆ ಪ್ರಾಣ. ಅವನಿಗಾಗಿ ಕಾಯುತ್ತಿದ್ದ ಯಾವುದೋ ಸಂಕಲನದ ಕೆಲಸಕ್ಕೆ ಓಡಿದ. ಕಾರ್ಡೂ ತೆಳು ಕೇಬಲ್ಲೂ ಮೇಜಿನ ಮೇಲೆಯೇ ಉಳಿದವು.

ಅಮ್ಮ ಅಂಚೆಯಕ್ಕನಿಗೆ ‘ನಾಳೆ ಬೆಳಿಗ್ಗೆ ಬನ್ನಿ, ನೋಡೋಣ’ ಎಂದಷ್ಟೇ ಹೇಳಿ ಕಳಿಸಿದಳು. ಆಮೇಲೆ ಚರ್ಮ ಕತ್ತರಿಸುವ ಚಾಕುಗಳನ್ನೆಲ್ಲ ಗೋಡೆಯಿಂದ ಇಳಿಸಿ ಮಸೆಯಲು ಕೂತಳು. ಅವಳು ಹರಿತವಾದ ಚಾಕುಗಳನ್ನೇ ಮತ್ತೆ ಮಸೆಯುತ್ತಾಳೆ ಅಂದರೆ ಅದರ ಅರ್ಥ ನಿಮಗೂ ಗೊತ್ತು. ಮರದ ಅಚ್ಚು ಕೆತ್ತಿ ಕೈಯಲ್ಲೇ ಕೊಟ್ಟುಬಂದರೆ ಆಗುವುದಿಲ್ಲವೇ ಎಂದು ಫೋನು ಮಾಡಿ ಕೇಳಿದ್ದಳು, ಆಗುವುದಿಲ್ಲವೆಂದು ಆಗಲೇ ಉತ್ತರ ಬಂದಿತ್ತು. ಅಜ್ಜಿ ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ‘ಕಾರ್ಖಾನೆಯವರು ಹೊಲಿದ್ರೆ ಹೊಲೀಲಿ ಬಿಡು, ನಿನಗೂ ವಿಶ್ರಾಂತಿ’ ಎಂದಳು. ಅಮ್ಮ ತಲೆಯೆತ್ತದೆ ಹೇಳಿದಳು: ‘ವಿಶ್ರಾಂತಿ ಬೇಕು ಅಂದ್ರೆ ಕೇಳ್ತೀನಿ ಅತ್ತೆ. ಕೇಳದೇ ಕೊಡೋದು ಬೇಡ.’ ಆ ಮಾತು ಕೇಳಿದ ಮೇಲೆ ನಾನು ಮೇಜಿನ ಮುಂದೆ ಕೂತು ಆ ಸತ್ತ ಕಾರ್ಡನ್ನೇ ನೋಡತೊಡಗಿದೆ. ನೋಡುವುದು ಬಿಟ್ಟರೆ ನನಗೆ ಬರುವುದಾದರೂ ಏನು?

ಪದ್ಯ ಓದುವಾಗ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಒಂದೇ ಪದ್ಯದ ಎರಡು ಪ್ರತಿಗಳಲ್ಲಿ ವ್ಯತ್ಯಾಸ ಕಂಡರೆ ಕಣ್ಣಿಗೆ ಬಿದ್ದ ಒಂದೇ ವ್ಯತ್ಯಾಸಕ್ಕೆ ಜೋತುಬೀಳಬೇಡಿ, ಬೇರೆ ಏನೇನು ಬದಲಾಗಿದೆ ಹುಡುಕಿ ಎಂದು. ಹಳೆಯದಕ್ಕೆ ಬೆಳಕು, ಹೊಸದಕ್ಕೆ ಕತ್ತಲೆ, ಸರಿ. ಆದರೆ ಬದಲಾದದ್ದು ಕಾರ್ಡು ಒಂದೇ ಅಲ್ಲ. ಕೇಬಲ್ಲೂ ಬದಲಾಗಿತ್ತು, ಪರದೆಯ ಬೆನ್ನಿನ ಕಿಂಡಿಯೂ ಬದಲಾಗಿತ್ತು. ಮಾವ ಮೂರನ್ನೂ ಒಟ್ಟಿಗೆ ಬದಲಿಸಿ ಒಂದರ ಮೇಲೆ ಮಾತ್ರ ಅಪವಾದ ಹೊರಿಸಿದ್ದ. ಇದು ಹೊಳೆದದ್ದು ಬುಧವಾರ ರಾತ್ರಿಯೇ. ಆದರೂ ಹೇಳಲಿಲ್ಲ. ತಪ್ಪಾದರೆ ಅಮ್ಮನಿಗೆ ಎರಡನೆಯ ಸಲ ನಿರಾಸೆ ಮಾಡಿದಂತಾಗುತ್ತದೆ ಎಂದು ಅಂಜಿಕೆ. ಗುರುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿದೆ. ಅಮ್ಮ ಲೋಟ ಕೆಳಗಿಟ್ಟು, ‘ರಾತ್ರಿಯೆಲ್ಲ ಇದನ್ನ ಬಾಯಲ್ಲಿಟ್ಕೊಂಡು ಮಲಗಿದ್ಯಾ?’ ಎಂದು ಎದ್ದೇಬಿಟ್ಟಳು.

ಪೆಟ್ಟಿಗೆಗೆ ಕೈ ಹಾಕುವ ಮೊದಲು ಗೋಡೆಯ ಪ್ಲಗ್ ಕಿತ್ತು, ಅದಕ್ಕೊಂದು ಟೇಪು ಸುತ್ತಿ ನನ್ನ ಹೆಸರು ಬರೆದೆ, ನೀವು ಕಲಿಸಿದ ಹಾಗೆಯೇ. ಓದುವುದು ನಾನು, ಕೈಕೆಲಸ ಅಮ್ಮ ಎಂದು ಮಾತಾಯಿತು. ಅಪ್ಪಾ, ಅಮ್ಮ ಕಾರ್ಡು ಕೂರಿಸಿದ ರೀತಿಯನ್ನು ನೀವು ನೋಡಬೇಕಿತ್ತು. ಮಾವ ಒತ್ತಿದ್ದ. ಅಮ್ಮ ಒತ್ತಲಿಲ್ಲ. ಹಿಮ್ಮಡಿಯನ್ನು ಅಚ್ಚಿಗೆ ಕೂರಿಸುವಾಗ ಮಾಡುವಂತೆ ಎರಡು ಹೆಬ್ಬೆರಳಿನಲ್ಲಿ ಅಂಚು ಹುಡುಕಿ, ಓರೆಯಿಲ್ಲದಂತೆ ನಿಲ್ಲಿಸಿ, ಭಾರವನ್ನು ನಿಧಾನಕ್ಕೆ ಇಳಿಸಿದಳು. ಟಕ್ ಎಂದಿತು. ‘ಕೂತಿತು’ ಎಂದಳು. ಕೂತಿದೆಯೇ ಎಂದು ಕೇಳಲಿಲ್ಲ, ಹೇಳಿದಳು. ಸ್ವಿಚ್ ಒತ್ತಿದೆವು. ಫ್ಯಾನು ತಿರುಗಿತು. ನಾನು ಪರದೆಯ ಮೂಲೆಗೇ ಕಣ್ಣು ನೆಟ್ಟಿದ್ದೆ. ಆ ಪುಟ್ಟ ಚೌಕ ಬಂದು ಹೋಗುವಷ್ಟರಲ್ಲಿ ಓದಿಕೊಂಡೆ. ‘ಸಿಗ್ನಲ್ ಇಲ್ಲ’ ಎನ್ನುವುದನ್ನು ಎಲ್ಲರೂ ಓದಿದ್ದೆವು. ಅದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ವಿಜಿಎ. ಪರದೆಯನ್ನು ತಿರುಗಿಸಿ ಬೆನ್ನು ನೋಡಿದೆ. ನೀಲಿ ಕೇಬಲ್ ಇರುತ್ತಿದ್ದ ಕಿಂಡಿಯ ಪಕ್ಕ ವಿಜಿಎ ಎಂದೇ ಬರೆದಿತ್ತು. ಈಗ ನಾವು ಸಿಕ್ಕಿಸಿದ್ದ ಕಿಂಡಿಯ ಪಕ್ಕ ಬೇರೆ ಹೆಸರಿತ್ತು. ಪರದೆ ಇನ್ನೂ ಹಳೆಯ ಕಿಂಡಿಯನ್ನೇ ನೋಡುತ್ತಾ, ಅಲ್ಲಿ ಯಾರೂ ಇಲ್ಲ, ಯಾರೂ ಇಲ್ಲ ಎನ್ನುತ್ತಿತ್ತು. ಹಿಂಬಾಗಿಲಲ್ಲಿ ಅತಿಥಿ ನಿಂತಿದ್ದಾರೆ, ನಾವು ಮುಂಬಾಗಿಲು ತೆರೆದು ನೋಡಿ ಬಂದಿಲ್ಲ ಎಂದು ಬಾಗಿಲು ಹಾಕಿಕೊಂಡಂತೆ. ಕಂಪ್ಯೂಟರು ಬದುಕಿದೆಯೇ ಎಂದು ನೋಡಲು ಕೀಬೋರ್ಡಿನ ದೊಡ್ಡಕ್ಷರದ ಗುಂಡಿ, ಕ್ಯಾಪ್ಸ್ ಲಾಕ್, ಒತ್ತಿದೆ. ಅದರ ಪುಟ್ಟ ದೀಪ ಹತ್ತಿತು, ಮತ್ತೆ ಒತ್ತಿದರೆ ಆರಿತು. ಸತ್ತವರು ಹೀಗೆ ಹೂಂ ಅನ್ನುವುದಿಲ್ಲ.

ಹಾಗಾದರೆ ಯಾವ ಕಿಂಡಿಯನ್ನು ನೋಡಬೇಕೆಂದು ಪರದೆಗೆ ಹೇಳುವುದು ಹೇಗೆ? ಎಲ್ಲಾ ಪರದೆಗಳಿಗೂ ಅದಕ್ಕೊಂದು ಗುಂಡಿ ಇರುತ್ತದೆ. ನಮ್ಮದಕ್ಕೆ ಗುಂಡಿಗಳೇ ಇಲ್ಲ ಎಂದುಕೊಂಡಿದ್ದೆವು, ನಾವು ಗೋಡೆಯ ಸ್ವಿಚ್ಚಿನಲ್ಲೇ ಹಚ್ಚಿ ಆರಿಸುವವರು. ಆಗ ಮಾವ ಬೆರಳು ಹಿಂದಕ್ಕೆಳೆದುಕೊಂಡದ್ದು ನೆನಪಾಯಿತು. ಒಮ್ಮೆ ಅಜ್ಜಿ ದೂಳು ಒರೆಸುವಾಗ ಏನನ್ನೋ ಒತ್ತಿ ಪರದೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತಲ್ಲ, ಆವತ್ತೇ ನೀವು ಆ ಸಾಲಿಗೆ ಟೇಪು ಹೊಡೆದದ್ದು. ಗುಂಡಿಗಳು ಅದರ ಕೆಳಗೇ ಇದ್ದವು. ಇಡೀ ಲೋಕದಲ್ಲಿ ಬೇರೆ ಯಾವ ಮನೆಯವರಾದರೂ ಮೊದಲು ಅದನ್ನೇ ಒತ್ತಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ, ಟೇಪಿನ ಕೆಳಗೆ ಏನಿದೆ ಎನ್ನುವ ಯೋಚನೆಯೂ ಯಾರಿಗೂ ಬರುವುದಿಲ್ಲ.

ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಅಂಟಿಸಿದವರೇ ಬಿಚ್ಚಬೇಕು ಎನ್ನುವುದು ನಿಮ್ಮ ಹಡಗಿನ ಕಾನೂನು. ಈ ತುದಿಯಲ್ಲಿ ಸ್ವಿಚ್ ಹಾಕಿದರೆ ಆ ತುದಿಯಲ್ಲಿ ಯಾರದೋ ಕೈ ತಂತಿಯೊಳಗೆ ಇರುತ್ತದೆ ಎಂದು ನೀವು ವಿವರಿಸಿದ್ದು ಗೊತ್ತು. ಮಾವ ನೀರಿನ ಪಂಪಿನ ಟೇಪು ಕಿತ್ತು ಸ್ವಿಚ್ ಹಾಕಿದ ದಿನ ನಿಮ್ಮ ಕೈ ಪಂಪಿನೊಳಗೇ ಇತ್ತು. ನೀವು ಕೂಗಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದಕ್ಕೇ ನಾನೂ ಅಮ್ಮನೂ ಟೇಪಿನ ಮುಂದೆ ಕೈಕಟ್ಟಿ ನಿಂತೆವು. ನಿಮಗೆ ಫೋನು ಮಾಡಿದೆವು, ಸಿಗಲಿಲ್ಲ. ಅಷ್ಟರಲ್ಲಿ ಬಂದ ಅಂಚೆಯಕ್ಕ ‘ಒಂದು ಟೇಪು ಕೀಳೋಕೆ ಇಷ್ಟು ಜನ ಬೇಕಾ?’ ಎಂದು ನಕ್ಕರು. ನಾನು ಯೋಚಿಸಿದೆ: ಈ ಟೇಪಿನ ಆ ತುದಿಯಲ್ಲಿ ಯಾರ ಕೈಯೂ ಇಲ್ಲ. ಇದು ಗುಂಡಿಗಳನ್ನು ಕಾಯುತ್ತಿರುವುದು ಅಜ್ಜಿಯ ದೂಳಿನ ಬಟ್ಟೆಯಿಂದ ಮಾತ್ರ. ಹಾಗೆಂದು ಮೆಲ್ಲಗೆ ಹೇಳಿದೆ. ಅಜ್ಜಿಗೆ ಅದು ಕೇಳಿಸಿಬಿಟ್ಟಿತು. ‘ಓಹೋ, ನನ್ನ ಮೇಲೆ ಹಾಕಿದ ಕಾವಲಾ ಇದು? ಅಂಟಿಸಿದವನನ್ನ ಹೆತ್ತವಳು ನಾನು. ಅವನ ಕಾನೂನಿಗೆ ನಾನು ಅಜ್ಜಿ. ಬಿಚ್ಚು ಹುಡುಗಿ, ಏನಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು.’ ಆದರೂ ಅಮ್ಮ ಕೈ ಮುಂದೆ ಮಾಡಲಿಲ್ಲ, ನನ್ನ ಕಡೆ ನೋಡಿದಳು. ಕೊನೆಗೆ ನಾನೇ ಉಗುರಿನಲ್ಲಿ ಅಂಚು ಎಬ್ಬಿಸಿ ಎಳೆದೆ. ಕೆಳಗೆ ಪುಟ್ಟ ಗುಂಡಿಗಳ ಸಾಲು, ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ‘ಸೋರ್ಸ್’, ಅಂದರೆ ಚಿತ್ರ ಬರುವ ಮೂಲ, ಎಂದು ಬರೆದಿದ್ದ ಗುಂಡಿಯನ್ನು ಒಂದು ಸಲ ಒತ್ತಿದೆ.

ಪರದೆ ಬೆಳಗಿತು.

ಅಮ್ಮ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ‘ಹೂಂ, ಕುರ್ಚಿ ಬಿಡು’ ಎಂದಳು. ಮೊದಲಿಗೆ ಚಿತ್ರಗಳೆಲ್ಲ ಊದಿಕೊಂಡು ಮಸುಕಾಗಿದ್ದವು. ಹೊಸ ಕಾರ್ಡಿಗೆ ಹೊಂದುವ ಸಾಫ್ಟ್‌ವೇರ್ ಇಳಿಸಿ ಹಾಕಿದ ಮೇಲೆ ಎಲ್ಲವೂ ತೊಳೆದಿಟ್ಟಂತಾದವು. ಅಮ್ಮ ಫೈಲು ತೆರೆದಳು. ಅಂಚೆಯಕ್ಕನ ಎಡಪಾದ ಇಡೀ ಪರದೆ ತುಂಬಾ ಬಂದು ನಿಂತಿತು. ತಿರುಗಿಸಿದರೆ ನೀರಿನಲ್ಲಿ ತೇಲುವಂತೆ ತಿರುಗಿತು. ಅಂಚೆಯಕ್ಕ ‘ನನ್ನ ಪಾದ ಇಷ್ಟು ದೊಡ್ಡದು ಅಂತ ಮೊದಲೇ ಗೊತ್ತಿದ್ರೆ ಬೀದಿ ನಾಯಿಗಳಿಗೆ ಹೆದರ್ತಾನೇ ಇರಲಿಲ್ಲ’ ಎಂದರು. ಅಮ್ಮ ನಗಲಿಲ್ಲ, ಅವಳು ಆಗಲೇ ಕೆಲಸದೊಳಗೆ ಇಳಿದಿದ್ದಳು. ಬಲಗೈ ಮೌಸಿನ ಮೇಲಿದ್ದರೂ ಎಡಗೈಯ ಬೆರಳುಗಳು ಗಾಳಿಯಲ್ಲಿ ಆ ಪಾದವನ್ನು ಹಿಡಿದು ಸವರುತ್ತಿದ್ದವು. ನಾನು ಇಷ್ಟು ವರ್ಷ ಅವಳು ಮರ ಕೆತ್ತುವುದನ್ನು ನೋಡಿ ಬೆಳೆದವಳು. ಮರದ ಹೊಟ್ಟು ಬೀಳದೆ, ಸದ್ದಿಲ್ಲದೆ, ಅದೇ ಅಚ್ಚು ಅದೇ ಕೈಯಿಂದ ಪರದೆಯ ಮೇಲೆ ಮೂಡುವುದನ್ನು ನೋಡುತ್ತಾ ನಿಂತೆ. ನನ್ನ ಅಮ್ಮ ಎಂದು ಬೀದಿಗೆ ಹೋಗಿ ಹೇಳಬೇಕು ಅನ್ನಿಸಿತು. ನಾನಲ್ಲವೇ, ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಚ್ಚು ಮುಗಿಯಿತು. ಅಳತೆಗಳೆಲ್ಲ ಕ್ಲಿನಿಕ್ಕಿನ ಚಿತ್ರಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದುತ್ತಿದ್ದವು. ಇನ್ನೇನು ಕಳಿಸಬೇಕು ಎನ್ನುವಾಗ ನನಗೊಂದು ವಿಷಯ ಚುಚ್ಚತೊಡಗಿತು. ಆ ಚಿತ್ರದಲ್ಲಿ ಅಂಚೆಯಕ್ಕ ಯಂತ್ರದೊಳಗೆ ಕಾಲಿಟ್ಟು ಅಲುಗಾಡದೆ ನಿಂತಿದ್ದರು. ಅವರು ಹಾಗೆ ನಿಂತದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಈ ಕಿಟಕಿಯಿಂದ ಎಷ್ಟೋ ವರ್ಷದಿಂದ ನೋಡುತ್ತಿದ್ದೇನಲ್ಲ, ಅವರ ಎರಡೂ ಕೈ ಯಾವಾಗಲೂ ತುಂಬಿರುತ್ತವೆ. ಗೇಟನ್ನು ಸೊಂಟದಿಂದ ನೂಕಿ, ಅಡ್ಡಕ್ಕೆ ತಿರುಗಿ ಒಳಗೆ ಬರುತ್ತಾರೆ. ಹಾಗೆ ತಿರುಗುವಾಗ ಮೈಯ ಭಾರವೆಲ್ಲ ಎಡಪಾದದ ಹೊರಅಂಚಿನ ಮೇಲೆ ಬೀಳುತ್ತದೆ. ಬೀದಿಯಲ್ಲಿ ಎಷ್ಟು ಗೇಟುಗಳಿವೆಯೋ ಅಷ್ಟು ಸಲ. ಇದನ್ನು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ. ಅಮ್ಮ ಮೌಸ್ ಬಿಟ್ಟು ನನ್ನ ಕಡೆ ತಿರುಗಿದಳು. ‘ನನಗ್ಯಾಕೆ ಹೇಳ್ತೀಯಾ? ಪಾದ ಅವರದ್ದು. ಅವರಿಗೆ ಹೇಳು, ಜೋರಾಗಿ.’

ಹೇಳಿದೆ. ಕಿವಿ ಕೆಂಪಾಗಿ, ಮಾತು ಎರಡು ಸಲ ತಡವರಿಸಿ, ಕೊನೆಗೆ ಪೂರ್ತಿ ಹೇಳಿದೆ. ಅಂಚೆಯಕ್ಕ ಎದ್ದು ಕೋಣೆಯ ಬಾಗಿಲನ್ನೇ ಸೊಂಟದಿಂದ ನೂಕಿ, ತಿರುಗಿ, ಕೆಳಗೆ ನೋಡಿಕೊಂಡರು. ಇನ್ನೊಮ್ಮೆ ಮಾಡಿದರು. ಕ್ಲಿನಿಕ್ಕಿನವರು ಸದ್ಯಕ್ಕೆಂದು ಕೊಟ್ಟಿದ್ದ ಮೆತ್ತನೆಯ ಚಪ್ಪಲಿಯನ್ನು ಬಿಚ್ಚಿ ತಲೆಕೆಳಗು ಮಾಡಿದರೆ ಎಡಗಾಲಿನದರ ಹೊರಅಂಚು ಆಗಲೇ ಸವೆದು ಓರೆಯಾಗಿತ್ತು. ‘ಈ ಹುಡುಗಿ ಕಿಟಕೀಲಿ ಕೂತು ಪುಸ್ತಕ ಓದ್ತಾಳೆ ಅಂದ್ಕೊಂಡಿದ್ದೆ. ನನ್ನ ಕಾಲು ಓದ್ತಿದ್ಲಾ?’ ಎಂದರು. ಅಮ್ಮ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಚ್ಚಿನ ಹೊರಅಂಚನ್ನು ಇಷ್ಟೇ ಇಷ್ಟು ಎತ್ತರಿಸಿದಳು. ಯಾಕೆ ಹಾಗೆ ಮಾಡಿದೆವು ಎನ್ನುವುದನ್ನು ಕೆಳಗೆ ನಾಲ್ಕು ಸಾಲಿನಲ್ಲಿ ಬರೆಯಲು ನನಗೆ ಹೇಳಿದಳು. ಬರೆದೆ. ಕ್ಲಿನಿಕ್ ಮುಚ್ಚುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಕಳಿಸಿಯಾಯಿತು. ಕಳಿಸುವ ಗುಂಡಿಯನ್ನು ಒತ್ತಿದ್ದು ಅಮ್ಮ. ಒತ್ತಿದ ಮೇಲೆ ಬೆರಳನ್ನು ಒಂದು ಕ್ಷಣ ಅಲ್ಲೇ ಇಟ್ಟಿದ್ದಳು, ಅಂಟು ಹಿಡಿಯಲಿ ಎಂದು ಕಾಯುವವಳ ಹಾಗೆ.

ಶುಕ್ರವಾರ ಉತ್ತರ ಬಂತು. ಅಚ್ಚು ಒಪ್ಪಿಗೆಯಾಗಿದೆ, ಕೆಲಸ ಅಮ್ಮನ ಕೈಯಲ್ಲೇ ಉಳಿಯುತ್ತದೆ, ಮುಂದಿನ ಪಾದದ ಫೈಲೂ ಜೊತೆಗೇ ಬಂದಿದೆ. ಮಾವನಿಗೆ ಸುದ್ದಿ ತಿಳಿಸಿದಾಗ, ‘ನಾನು ಆವತ್ತೇ ಹೇಳಿರಲಿಲ್ವಾ, ನನ್ನ ಕಾರ್ಡು ಗಟ್ಟಿಮುಟ್ಟು ಅಂತ’ ಎಂದ. ಅಮ್ಮ, ‘ಹೇಳಿದ್ದೆ ಕಣೋ, ಸತ್ತಿದೆ ಅಂತಲೂ ನೀನೇ ಹೇಳಿದ್ದೆ’ ಎಂದು ಫೋನಿಟ್ಟಳು. ಕಿತ್ತ ಟೇಪನ್ನು ಅಜ್ಜಿ ಎಸೆಯಲು ಬಿಟ್ಟಿಲ್ಲ. ನೀವು ಬಂದಾಗ ಮುಖಾಮುಖಿ ವಿಚಾರಣೆಯಂತೆ, ತಯಾರಾಗಿ ಬನ್ನಿ. ಬೀದಿಯ ಜನಕ್ಕೆಲ್ಲ ಈಗ ಅಮ್ಮ ಕಂಪ್ಯೂಟರಿನಲ್ಲಿ ಬೂಟು ಮಾಡುತ್ತಾಳೆ ಎನ್ನುವ ಸುದ್ದಿ ಹಬ್ಬಿದೆ. ಮೂಲೆಮನೆಯ ಟೈಲರು ತನಗೂ ಕಂಪ್ಯೂಟರಿನೊಳಗಿಂದಲೇ ಒಂದು ಜೊತೆ ತೆಗೆದುಕೊಡಿ, ಕಪ್ಪು ಬಣ್ಣದ್ದಾದರೆ ಸಾಕು ಎಂದು ಕೇಳಿ ಹೋದ.

ಇಲ್ಲಿಗೆ ಮುಗಿಸುತ್ತೇನೆ. ಅಜ್ಜಿಯ ಆಶೀರ್ವಾದ ನಿಮ್ಮ ಭುಜಕ್ಕೆ ಸ್ವಲ್ಪ ಹೆಚ್ಚಾಗಿ ತಲುಪಲಿ. ಅಮ್ಮನ ಮಾತು ಎಂದಿನಂತೆ ಒಂದೇ ಸಾಲು: ‘ಚೆನ್ನಾಗಿ ತಿನ್ನಿ, ಬೇಗ ಬನ್ನಿ.’ ಆದರೆ ಈ ಸಲ ಅದನ್ನು ಹೇಳುವಾಗ ಪರದೆಯಿಂದ ಕಣ್ಣು ತೆಗೆಯಲಿಲ್ಲ ಎನ್ನುವುದನ್ನೂ ನಿಮಗೆ ತಿಳಿಸಬೇಕು. ನಿಮ್ಮ ಹಡಗಿನ ಅಡುಗೆಯಣ್ಣನಿಗೂ ಗೆಳೆಯರಿಗೂ ನನ್ನ ನಮಸ್ಕಾರ ಹೇಳಿ.

ಪ್ರೀತಿಯಿಂದ,
ನಿಮ್ಮ ಪಿಸು

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಇದೊಂದು. ನಿಮ್ಮ ಕಂಪನಿಯ ಕಚೇರಿಯಲ್ಲಿ ನನಗೊಂದು ಕೆಲಸ ಖಾಲಿಯಿದೆ, ಒಪ್ಪಿಗೆಯಾ ಎಂದು ಹೋದ ಸಲ ಕೇಳಿದ್ದಿರಿ. ಕ್ಲಿನಿಕ್ಕಿನ ಉತ್ತರದ ಕೊನೆಯಲ್ಲಿ ಫಿಸಿಯೋ ಮೇಡಂ ಇನ್ನೊಂದು ಮಾತೂ ಬರೆದಿದ್ದರು: ಹೊರಅಂಚಿನ ಆ ನಾಲ್ಕು ಸಾಲು ಬರೆದವರು ಯಾರು, ವಾರಕ್ಕೆರಡು ಬೆಳಿಗ್ಗೆ ಬಂದು ನಮ್ಮಲ್ಲಿಗೆ ಬರುವವರ ನಡಿಗೆ ನೋಡಿ, ಅವರೊಡನೆ ಮಾತಾಡಿ ಬರೆದುಕೊಡಲು ಆಗುತ್ತದೆಯೇ, ಸಂಬಳ ಕೊಡುತ್ತೇವೆ ಎಂದು. ಅಮ್ಮ ‘ಅಚ್ಚು ಒಪ್ಪಿಗೆಯಾಗಿದೆ’ ಎನ್ನುವಲ್ಲಿಯವರೆಗೆ ಓದಿ ಎದ್ದುಹೋದಳು. ಉಳಿದದ್ದನ್ನು ನಾನೊಬ್ಬಳೇ ಓದಿದ್ದೇನೆ, ಇನ್ನೂ ಅವಳಿಗೆ ಹೇಳಿಲ್ಲ. ಬರುತ್ತೇನೆ ಎಂದು ಉತ್ತರ ಕಳಿಸಿದೆ. ಕಚೇರಿಯವರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿಬಿಡಿ ಅಪ್ಪಾ. ಮಂಗಳವಾರ ಮೊದಲು ಬರುವವರು ಒಬ್ಬ ಕ್ಷೌರಿಕರಂತೆ, ದಿನವಿಡೀ ನಿಂತೇ ಇರುವವರು. ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆಯನ್ನು ಈಗಷ್ಟೇ ಬಾಗಿಲು ಹಾಕಿಕೊಂಡು ಜೋರಾಗಿ ಹೇಳಿ ನೋಡಿದೆ. ಅಜ್ಜಿ ಕೆಳಗಿನಿಂದ ‘ಯಾರು ಬಂದ್ರು?’ ಎಂದು ಕೇಳಿದಳು.